ಬಿದ್ದ ಸಾಹೇಬರ ಮಾನಪತ್ರ

ಅಕ್ಟೋಬರ್ ೧೪

ರಾವಸಾಹೇಬರು ಮನೆಗೆ ಬಂದಿದ್ದರು. ಹಾರೂಗೇರಿಯ ಆ ಪ್ರಸಂಗವಾದ ಮೇಲೆ ಅವರು ನನ್ನ ಹೊಸ್ತಿಲು ತುಳಿದದ್ದು ಇವತ್ತೇ.

ಆ ಪ್ರಸಂಗವನ್ನು ನಾಚಿಕೆಯಿಂದ ಈ ಡೈರಿಯಲ್ಲೂ ಬರೆದಿರಲಿಲ್ಲ. ಈಗ ಬರೆದು ಮುಗಿಸಿಬಿಡುತ್ತೇನೆ. ಹಾರೂಗೇರಿಯಲ್ಲಿ ಒಬ್ಬ ವ್ಯಾಪಾರಿಯ ಅರವತ್ತರ ಸತ್ಕಾರ. ಮಾನಪತ್ರ ಬರೆದವನೂ ನಾನೇ, ಓದುವವನೂ ನಾನೇ. "ಕಡುಬಡತನದ ಕುಟುಂಬದಲ್ಲಿ ಜನಿಸಿ" ಎಂದು ಶುರು ಮಾಡಿದ್ದೇ ತಡ, ಹಿಂದಿನ ಸಾಲಿನವರು "ಬರಿಗಾಲಲ್ಲಿ ಶಾಲೆಗೆ ನಡೆದು" ಎಂದು ಒಕ್ಕೊರಲಿನಿಂದ ಹೇಳಿದರು. ನಾನು "ಕಷ್ಟಗಳ ಕುಲುಮೆಯಲ್ಲಿ" ಎಂದೆ. ಅವರು "ಬೆಂದು ಬಂಗಾರವಾಗಿ" ಎಂದರು. ಅದೇ ಮಾನಪತ್ರವನ್ನು ಅದೇ ಸಭಾಗೃಹದಲ್ಲಿ ಆ ವರ್ಷ ನಾನು ಮೂರು ಸಲ ಓದಿದ್ದೆನಂತೆ, ಹೆಸರಷ್ಟೇ ಬೇರೆ. "ಕಲಿಯುಗದ ಕರ್ಣ" ಬರುವ ಹೊತ್ತಿಗೆ ಹಾರ ಹಾಕಿಸಿಕೊಂಡಿದ್ದ ವ್ಯಾಪಾರಿಯೇ ನಗತೊಡಗಿದ್ದರು.

ಮೂವತ್ತೊಂದು ವರ್ಷದಿಂದ ಅಥಣಿಯಿಂದ ನಿಪ್ಪಾಣಿಯ ತನಕ ಯಾರು ಗೆದ್ದರೂ, ಯಾರು ನಿವೃತ್ತರಾದರೂ ಮಾನಪತ್ರ ಶಿರಗುಪ್ಪಿಯ ಪಾರಿಸ ಮಾಸ್ತರರದೇ ಆಗಬೇಕು ಎಂಬ ಪದ್ಧತಿ ಇತ್ತು. ಹಾರೂಗೇರಿಯ ನಂತರ ಒಬ್ಬರೂ ಕರೆಯಲಿಲ್ಲ.

ಇವತ್ತು ರಾವಸಾಹೇಬರು ಕರೆದರು. ಇವರು ನಮ್ಮ ಕಬ್ಬು ಬೆಳೆಗಾರರ ಬಳಗದ ಅಧ್ಯಕ್ಷರು. ಹೋದ ವರ್ಷ ಕಬ್ಬಿನ ಬೇಸಾಯ ನೋಡಲು ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಅಲ್ಲಿ ವಾರಂಡೂ ಎಂಬ ಕಬ್ಬಿನ ಸೀಮೆಯ ಪಾರ್ಲಿಮೆಂಟ್ ಸದಸ್ಯರೊಬ್ಬರು ಚಹಾ ಕುಡಿಸಿದರಂತೆ. ಇವರು ಹೊರಡುವಾಗ ಅವರ ಕೈ ಹಿಡಿದು "ಒಮ್ಮೆ ನಮ್ಮೂರಿಗೆ ಬರ್ರಿ" ಎಂದರಂತೆ. ನಮ್ಮ ಕಡೆ ಈ ಮಾತನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳುತ್ತೇವೆ. ಯಾರೂ ಬರುವುದಿಲ್ಲ, ಬರಲಿ ಎಂದು ಹೇಳಿರುವುದೂ ಇಲ್ಲ.

"ನಾ ಬಾಯಿಮಾತಿಗೆ ಅಂದಿದ್ನಿರಿ ಮಾಸ್ತರ. ಅಂವ ಖರೇನ ತಿಳ್ಕೊಂಡಾನ. ಡಿಸೆಂಬರದಾಗ ಬರ್ತೇನಂತ ಬರದಾನ," ಎಂದು ಹಣೆ ಒರೆಸಿಕೊಂಡರು. ಆಮೇಲೆ ಮುಖ ಅರಳಿತು. "ಬರ್ಲಿ ಬಿಡ್ರಿ. ಜನವರಿದಾಗ ನಂದು ಸೊಸೈಟಿ ಇಲೆಕ್ಷನ್ ಐತಿ. ಪರದೇಶದ ಎಂಪಿ ಜೋಡಿ ಫೋಟೋ ಬಂದ್ರ ಚಲೋನ ಆಕ್ಕೈತಿ."

ಮಾನಪತ್ರ ನನಗೆ ಒಪ್ಪಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇದು ಕಡೀ ಚಾನ್ಸ್ ನೋಡ್ರಿ. ಇದೂ ಹಾರೂಗೇರಿ ಆತಂದ್ರ ಮುಂದಿನ ಎಲ್ಲಾ ಮಾನಪತ್ರ ನಮ್ಮ ಅಮೋಲಗ," ಎಂದರು. ಅಮೋಲ ಅವರ ಅಣ್ಣನ ಮಗ. ಮೊಬೈಲಿಗೆ ಹೆಸರು ಹೇಳಿ ಒಂದು ನಿಮಿಷದಲ್ಲಿ ಮಾನಪತ್ರ ತೆಗೆಯುತ್ತಾನಂತೆ.

ಈ ಗಡಿಬಿಡಿಯ ನಡುವೆ ಹೆಂಡತಿ ಜಿನಮತಿ ಬಚ್ಚಲ ಬಾಗಿಲ ಚಿಲಕದ ಮಾತು ತೆಗೆದಳು. ಹನ್ನೊಂದು ವರ್ಷದಿಂದ ಅದೊಂದೇ ಮಾತು. ಚಿಲಕ ಇಲ್ಲದಿದ್ದರೇನಂತೆ, ಒಳಗಿದ್ದವರು ಸದ್ದು ಮಾಡುತ್ತಿದ್ದರೆ ಹೊರಗಿದ್ದವರಿಗೆ ತಿಳಿಯುತ್ತದೆ. ನಾನು ಕೆಮ್ಮುತ್ತೇನೆ, ಅವಳು ಹಾಡುತ್ತಾಳೆ. ಬರೆಯುವವನ ತಲೆಯಲ್ಲಿ ಚಿಲಕಕ್ಕೆ ಜಾಗವೆಲ್ಲಿ?

ಅಕ್ಟೋಬರ್ ೧೭

ಎಂಪಿ ಸಾಹೇಬರ ಹೆಸರು ನೆವಿಲ್ ಕ್ರಾಡಕ್. ಊರಲ್ಲಿ ಆಗಲೇ ನೆವಿಲಸಾಹೇಬ ಆಗಿಹೋಗಿದ್ದಾರೆ. ಹಾಲಿನ ಡೇರಿಯಲ್ಲಿ ಬೀರದೇವ "ಸಾಂಗಲಿ ಕಡಿಯವ್ರೇನ್ರಿ?" ಎಂದು ಕೇಳಿದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ಅವರಿಗೆ ನೇರವಾಗಿ ಮಿಂಚಂಚೆ ಬರೆದೆ. "ಮಾನ್ಯರೇ, ತಾವು ಬಾಲ್ಯದಲ್ಲಿ ಅನುಭವಿಸಿದ ಕಷ್ಟಗಳ ಪಟ್ಟಿಯನ್ನು ಕೂಡಲೇ ಕಳುಹಿಸಬೇಕಾಗಿ ವಿನಂತಿ."

ಅಕ್ಟೋಬರ್ ೧೯

ಉತ್ತರ ಬಂತು. ಕಾರ್ಯದರ್ಶಿ ಬರೆದದ್ದಲ್ಲ, ಅವರೇ ಬರೆದದ್ದು. "ಪ್ರಿಯ ಪಾರಿಸ ಅವರೇ, ತುಂಬಾ ಯೋಚಿಸಿದೆ. ಕಷ್ಟ ನೆನಪಾಗುತ್ತಿಲ್ಲ, ಕ್ಷಮಿಸಿ. ನಮ್ಮ ತಂದೆ ಹಲ್ಲಿನ ಡಾಕ್ಟರು. ನನಗೊಂದು ಕುದುರೆಮರಿ ಇತ್ತು."

ತಲೆಯ ಮೇಲೆ ಕೈಹೊತ್ತು ಕೂತೆ. ಬಡತನವಿಲ್ಲದೆ ಮಾನಪತ್ರ ಶುರುವಾಗುವುದು ಹೇಗೆ? ಅಡಿಪಾಯವೇ ಇಲ್ಲ! ಬರೆಯೋಣವೆಂದರೆ ಜಿನಮತಿಯ ಸ್ನಾನದ ಹಾಡು ಬೇರೆ ಶುರುವಾಯಿತು. ನಾಲ್ಕು ನುಡಿಯ ಹಾಡನ್ನು ಬಿಸಿನೀರು ಮುಗಿಯುವ ತನಕ ತಿರುಗಿಸಿ ತಿರುಗಿಸಿ ಹಾಡುತ್ತಾಳೆ. ತಲೆ ಚಿಟ್ಟು ಹಿಡಿಯುತ್ತದೆ.

ಮತ್ತೆ ಬರೆದೆ. "ಕನಿಷ್ಠ ಪಕ್ಷ ಬರಿಗಾಲಲ್ಲಿ ಶಾಲೆಗೆ ಹೋಗಿದ್ದೀರಾ?"

ಅಕ್ಟೋಬರ್ ೨೦

ಹೋಗಿದ್ದಾರಂತೆ! ಸಮುದ್ರದ ದಂಡೆಯ ಊರು, ಮಕ್ಕಳೆಲ್ಲ ಬರಿಗಾಲಲ್ಲೇ ಶಾಲೆಗೆ ಹೋಗುತ್ತಿದ್ದರಂತೆ. ಸಂತೋಷದಿಂದ ಎರಡು ಕಪ್ ಚಹಾ ಕುಡಿದೆ. ಬರಿಗಾಲಿನಿಂದ ಬಡತನಕ್ಕೆ ಹೆಚ್ಚು ದೂರವಿಲ್ಲ.

ಅಕ್ಟೋಬರ್ ೨೮

ರಾಜಕೀಯ ಜೀವನದ ವಿವರ ತರಿಸಿಕೊಂಡೆ. ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವ ಕೆಲಸ. ಆಮೇಲೆ ಚುನಾವಣೆ. ಆರು ಸಲ ನಿಂತು ನಾಲ್ಕು ಸಲ ಬಿದ್ದು ಎರಡು ಸಲ ಗೆದ್ದಿದ್ದಾರೆ. ನಾಲ್ಕನ್ನು ಬಿಟ್ಟು ಎರಡನ್ನು ಇಟ್ಟುಕೊಂಡೆ. ಸೋಲು ಎಂಬ ಶಬ್ದ ನನ್ನ ಮಾನಪತ್ರಗಳಲ್ಲಿ ಇವತ್ತಿನ ತನಕ ಬಂದಿಲ್ಲ.

ಮಂತ್ರಿ ಆಗಿದ್ದಿರಾ ಎಂದು ಕೇಳಿದ್ದೆ. ಇಲ್ಲ, ಆರು ವರ್ಷವೂ ಕೊನೆಯ ಸಾಲಿನ ಕುರ್ಚಿ. ಸದನದಲ್ಲಿ ವಿಶೇಷ ಘಟನೆ? ಒಮ್ಮೆ ಒಬ್ಬ ಮಂತ್ರಿ ಭಾಷಣ ಮಾಡುತ್ತಿದ್ದಾಗ ನಗು ತಡೆಯಲಾಗಲಿಲ್ಲವಂತೆ. ಸಭಾಧ್ಯಕ್ಷರು ಒಂದು ತಾಸು ಹೊರಗೆ ಹಾಕಿದರಂತೆ. ನಾನು "ಸದನದ ಒಳಗೂ ಹೊರಗೂ ಹೋರಾಡಿದ ಧೀಮಂತ" ಎಂದು ಬರೆದುಕೊಂಡೆ.

ನವೆಂಬರ್ ೪

ಅವರ ಕಡೆಯ ಮತದಾನದ ಪದ್ಧತಿ ಬೇರೆಯೇ. ಒಬ್ಬರಿಗೆ ಒತ್ತಿ ಬರುವುದಲ್ಲ. ನಿಂತವರಿಗೆಲ್ಲ ಒಂದು, ಎರಡು, ಮೂರು ಎಂದು ನಂಬರು ಹಾಕಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಎಲ್ಲರಿಗಿಂತ ಕೆಳಗಿನವನನ್ನು ತೆಗೆದು, ಅವನ ಮತಗಳಲ್ಲಿ ಎರಡನೇ ನಂಬರು ಯಾರಿಗಿದೆಯೋ ಅವರಿಗೆ ಹಂಚುತ್ತಾರೆ. ನೆವಿಲಸಾಹೇಬರು ಗೆದ್ದ ಎರಡೂ ಸಲ ಮೊದಲ ಎಣಿಕೆಯಲ್ಲಿ ಹಿಂದಿದ್ದರು, ಎರಡನೇ ನಂಬರಿನ ಮತಗಳಿಂದ ಮುಂದೆ ಬಂದರು.

ಅಕ್ಕಿ ಆರಿಸುತ್ತಿದ್ದ ಜಿನಮತಿಗೆ ಇದನ್ನು ವಿವರಿಸಿದೆ.

"ತಿಳೀತು ಬಿಡ್ರಿ. ನಮ್ಮ ಮದಿವಿ ಆತಲ್ಲ, ಹಂಗ."

"ಅಂದ್ರ?"

"ಮೊದಲ ನಮ್ಮಪ್ಪ ನಿಪ್ಪಾಣಿ ತಂಬಾಕಿನವರ ಮನಿಗೆ ಕೊಡಬೇಕಂತ ಮಾಡಿದ್ದ. ಅದು ಮುರೀತು. ಆಮ್ಯಾಲ ನಿಮ್ಮ ನಂಬರ ಬಂತು."

ಮೂವತ್ತೇಳು ವರ್ಷದ ಸಂಸಾರದಲ್ಲಿ ಈ ವಿಷಯ ನನಗೆ ಗೊತ್ತಾದದ್ದು ಇವತ್ತು. ಅವಳು ಅಕ್ಕಿಯಿಂದ ತಲೆ ಸಹ ಎತ್ತಲಿಲ್ಲ.

ನವೆಂಬರ್ ೫

ಏನೂ ಬರೆಯಲಿಲ್ಲ. ತಂಬಾಕಿನವರಂತೆ.

ನವೆಂಬರ್ ೬

ಎತ್ತರವೂ ಇದ್ದನಂತೆ.

ನವೆಂಬರ್ ೧೨

ಕೆಲಸ ಮುಂದುವರಿಯಬೇಕಲ್ಲ. ಮತಗಟ್ಟೆಯ ಹೊರಗೆ ಅವರಲ್ಲಿ ಊರವರೆಲ್ಲ ಸೇರಿ ತಿಂಡಿ ಸುಟ್ಟು ಮಾರುವ ರೂಢಿಯಿದೆಯಂತೆ. ನೆವಿಲಸಾಹೇಬರು ಪ್ರತಿ ಚುನಾವಣೆಯಲ್ಲೂ ಅಲ್ಲಿ ನಿಂತು ತಾವೇ ಸುಡುತ್ತಾರೆ. ಏನನ್ನು ಸುಡುತ್ತಾರೆ ಎಂಬುದನ್ನೂ ಬರೆದಿದ್ದರು. ಜೈನನಾದ ನಾನು ಆ ಸಾಲನ್ನು ಕಣ್ಣು ಮುಚ್ಚಿ ದಾಟಿ "ಅನ್ನದಾನಿ" ಎಂದಷ್ಟೇ ಬರೆದುಕೊಂಡೆ.

ಅವರು ಮಾಡಿದ ದೊಡ್ಡ ಕೆಲಸ ಯಾವುದು ಎಂಬುದಕ್ಕೆ ಉದ್ದ ಉತ್ತರ ಬಂದಿದೆ. ವಾರಂಡೂನಲ್ಲಿ ಕಬ್ಬನ್ನು ಸಣ್ಣ ರೈಲಿನಲ್ಲಿ ಕಾರ್ಖಾನೆಗೆ ಸಾಗಿಸುತ್ತಾರೆ. ಆ ರೈಲು ದೊಡ್ಡ ರಸ್ತೆಯನ್ನು ಅಡ್ಡ ದಾಟುತ್ತದೆ. ಹಂಗಾಮಿನಲ್ಲಿ ಜನ, ಶಾಲೆಯ ಬಸ್ಸು, ಬಸುರಿಯರು ಎಲ್ಲರೂ ಅದು ದಾಟುವ ತನಕ ನಿಲ್ಲಬೇಕು. "ಎಷ್ಟು ಹೊತ್ತು ನಿಲ್ಲಬೇಕು?" ಎಂಬ ಒಂದು ಪ್ರಶ್ನೆಯನ್ನು ಇವರು ಆರು ವರ್ಷದಲ್ಲಿ ನಲವತ್ತಮೂರು ಸಲ ಕೇಳಿದ್ದಾರೆ. ನಲವತ್ತಮೂರನೇ ಸಲಕ್ಕೆ ಸೇತುವೆ ಮಂಜೂರಾಯಿತು.

"ಅಷ್ಟೇ?" ಎಂದು ಬರೆದೆ.

"ಅಷ್ಟೇ," ಎಂದು ಬರೆದರು. "ನವೆಂಬರ್ ೨೯ಕ್ಕೆ ಇಲ್ಲೊಂದು ಚುನಾವಣೆ ಇದೆ. ಮುಗಿಸಿಕೊಂಡು ಬರುತ್ತೇನೆ."

ಒಂದು ಪ್ರಶ್ನೆಯನ್ನು ನಲವತ್ತಮೂರು ಸಲ ಕೇಳುವುದು ಹಟ, ಸಾಧನೆಯಲ್ಲ. ಜಿನಮತಿಗೆ ಹೇಳಿದರೆ, "ನನಗಿಂತ ಕಡಿಮಿ ಆತು," ಎಂದಳು. ಯಾವುದಕ್ಕೆ ಹೇಳಿದಳೋ!

ನವೆಂಬರ್ ೨೦

ಮಾನಪತ್ರ ಮುಗಿಯಿತು. "ಕಾಂಗರೂಗಳ ನಾಡಿನ ಅಭಿನವ ಭಗೀರಥ, ಬರಿಗಾಲಿನಿಂದ ಸಂಸತ್ತಿನ ಸೋಪಾನವೇರಿದ ಸಾಹಸಿ, ಅಜೇಯ ಜನನಾಯಕ." ರಾವಸಾಹೇಬರು ಕೇಳಿ ಕಣ್ಣು ಒರೆಸಿಕೊಂಡರು. ಅಮೋಲ ಕೂಡ "ಮಸ್ತ ಐತ್ರಿ ಮಾಸ್ತರ" ಎಂದ. ಕಾಗವಾಡದ ಪ್ರೆಸ್ಸಿಗೆ ಕೊಡುವುದು, ಬಂಗಾರದ ಬಣ್ಣದ ಅಕ್ಷರ.

ಜಿನಮತಿ ಮಾತ್ರ ಪೂರ್ತಿ ಕೇಳಿ, "ಎಲ್ಲಾ ಚಲೋ ಐತ್ರಿ. ಇದ್ರಾಗ ಆ ಮನಷ್ಯಾ ಎಲ್ಲದಾನ?" ಎಂದಳು. ಅವಳಿಗೆ ಸಾಹಿತ್ಯ ತಿಳಿಯುವುದಿಲ್ಲ.

ನವೆಂಬರ್ ೩೦

ನಿನ್ನೆ ಅಲ್ಲಿ ಮತದಾನವಾಯಿತು. ವಾರಂಡೂ ಬಿಟ್ಟು ಬೇರೆ ಎಲ್ಲ ಊರಿನ ಫಲಿತಾಂಶ ಗೊತ್ತಾಗಿದೆ. ಅಲ್ಲಿ ಮಾತ್ರ ಇನ್ನೂ ಎಣಿಸುತ್ತಿದ್ದಾರೆ. ಅಂಚೆಯಲ್ಲಿ ಬಂದ ಮತಗಳನ್ನೂ ಎಣಿಸಬೇಕಂತೆ.

ಡಿಸೆಂಬರ್ ೩

ಅರವತ್ತು ಮತ ಮುಂದಿದ್ದಾರೆ. ಹಾಲಿನ ಡೇರಿಯಲ್ಲಿ ದಿನಾ ಬೆಳಿಗ್ಗೆ ವಾರಂಡೂ ಸುದ್ದಿಯೇ. ಬೀರದೇವ ಹಾಲಿನ ಡಿಗ್ರಿ ನೋಡುವುದು ಬಿಟ್ಟು "ಎಷ್ಟ ಲೀಡ್ ಐತ್ರಿ?" ಎಂದು ಕೇಳುತ್ತಾನೆ.

ಡಿಸೆಂಬರ್ ೫

ಒಂಬತ್ತು ಮತ ಹಿಂದೆ. ಬಸದಿಗೆ ಹೋದಾಗ ಬೇಡಿಕೊಂಡೆ. ನಮ್ಮಲ್ಲಿ ಭಗವಂತನ ಹತ್ತಿರ ಹೀಗೆಲ್ಲ ಬೇಡುವಂತಿಲ್ಲ. ಆದರೂ ಬೇಡಿಕೊಂಡೆ.

ಡಿಸೆಂಬರ್ ೮

ನಲವತ್ತೊಂದು ಮತದಿಂದ ಬಿದ್ದರು.

ಡಿಸೆಂಬರ್ ೯

ರಾವಸಾಹೇಬರು ಬೆಳಿಗ್ಗೆಯೇ ಬಂದು, ಒಳಗೆ ಬರದೆ, ಅಂಗಳದಲ್ಲೇ ನಿಂತು ಹೇಳಿದರು.

"ಪ್ರೋಗ್ರಾಮ್ ಕ್ಯಾನ್ಸಲ್ರಿ. ಪ್ರೆಸ್ಸಿಗೂ ಬ್ಯಾಡಂತ ಹೇಳೇನಿ. ಬಿದ್ದವರಿಗೆ ಶಾಲ ಹಾಕಿದ್ರ ಹಾಕಿದವರಿಗೂ ಅದ ಗಾಳಿ ಬಡೀತೈತಿ. ನಂದ ಇಲೆಕ್ಷನ್ ತಿಂಗಳೊಪ್ಪತ್ತಿನಾಗ ಐತಿ."

"ಅವ್ರು ಬಂದ್ರ?"

"ಬಿದ್ದಾಂವ ಎಲ್ಲಿ ಬರ್ತಾನ್ರಿ. ಮಾರಿ ಮುಚ್ಚಕೊಂಡ ಮನ್ಯಾಗ ಕುಂತಿರ್ತಾನ. ಆ ಶಾಲ ಅಥಣ್ಯಾಗ ಕಾರ್ಖಾನಿ ಹೊಸಾ ಸಂಚಾಲಕರಿಗೆ ಹಾಕತೇವಿ. ಅವರ ಮಾನಪತ್ರ ಅಮೋಲ ಬರದಾನ." ಸ್ವಲ್ಪ ತಡೆದು, "ನಿಮ್ದೇನ ತಪ್ಪಿಲ್ಲ ಬಿಡ್ರಿ," ಎಂದರು.

ಎರಡು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ದುಃಖವಾಗಿದೆ. ಹೆಚ್ಚು ಯಾವುದಕ್ಕೆ ಎಂದು ಗೊತ್ತಾಗುತ್ತಿಲ್ಲ, ಮಾನಪತ್ರಕ್ಕೋ ಆ ಮನುಷ್ಯನಿಗೋ.

ಡಿಸೆಂಬರ್ ೧೦

ಬರುತ್ತಿದ್ದಾರೆ!

"ಪ್ರಿಯ ಪಾರಿಸ, ಬಿದ್ದೆ. ನಿಮಗೆ ತಿಳಿದಿರಬಹುದು. ಸೇತುವೆ ಜನವರಿಯಲ್ಲಿ ಉದ್ಘಾಟನೆ, ಟೇಪು ಕತ್ತರಿಸುವವರು ನನ್ನನ್ನು ಸೋಲಿಸಿದವರು. ವಿಮಾನದ ಟಿಕೆಟ್ ತೆಗೆದಾಗಿದೆ. ಮೊದಲು ಒಂದೇ ದಿನ ಇರುವ ಯೋಚನೆಯಿತ್ತು, ಈಗ ಬಿಡುವಿದೆಯಲ್ಲ, ಮೂರು ದಿನ ಇರುತ್ತೇನೆ. ಹದಿನಾಲ್ಕಕ್ಕೆ ಮಧ್ಯಾಹ್ನ ಮಿರಜ ಸ್ಟೇಷನ್ನಿಗೆ ಬರುತ್ತೇನೆ. ನಮ್ಮ ಮನೆಯವರನ್ನು ಬಿಟ್ಟರೆ ಈ ವಾರ ನನ್ನನ್ನು ಕರೆದವರು ನೀವೊಬ್ಬರೇ."

ರಾವಸಾಹೇಬರಿಗೆ ಫೋನು ಮಾಡಿದೆ. ಅವರು ಮೂರು ದಿನ ಊರಲ್ಲೇ ಇರುವುದಿಲ್ಲವಂತೆ.

ಜಿನಮತಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟು, "ಬರ್ರಿ ಅಂತ ಕರದ ಮ್ಯಾಲ ಊರ ಮುಂದ ನಿಲ್ಲಸಾಕ ಆಕ್ಕೈತೇನ್ರಿ? ನಮ್ಮ ಮನ್ಯಾಗ ಇರ್ಲಿ," ಎಂದಳು. ಆಮೇಲೆ, "ಆದ್ರ ಅವ್ರಿಗೆ ಬಚ್ಚಲದಾಗ ಕೆಮ್ಮತ ಕುಂದರ್ರಿ ಅಂತ ಹೇಳಾವರ ಯಾರು? ನೀವ ಹೇಳ್ರಿ, ಇಂಗ್ಲೀಷ ನಿಮಗ ಬರ್ತೈತಿ," ಎಂದಳು.

ಡಿಸೆಂಬರ್ ೧೩

ಹಳೆಯ ಮಾನಪತ್ರ ತೆಗೆದು ಓದಿದೆ. "ಅಜೇಯ ಜನನಾಯಕ." ಐದು ಸಲ ಬಿದ್ದವರಿಗೆ ಇದನ್ನು ಯಾವ ಬಾಯಿಯಿಂದ ಓದಲಿ? ಹರಿದು ಹಾಕಿ ಹೊಸದಾಗಿ ಬರೆಯಲು ಕೂತೆ. ಅಲಂಕಾರ ಒಂದೂ ನೆನಪಾಗಲಿಲ್ಲ. ಅವರ ಪತ್ರಗಳನ್ನು ಮುಂದಿಟ್ಟುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಒಂದು ಪುಟವೂ ತುಂಬಲಿಲ್ಲ. ಇದನ್ನು ಯಾರಾದರೂ ಮಾನಪತ್ರ ಎನ್ನುತ್ತಾರೆಯೇ? ಓದಿದರೆ ಇದೇ ನನ್ನ ಕೊನೆಯದು. ಅಮೋಲ ಗೆದ್ದ.

ಫ್ರೇಮು ಇರಲಿಲ್ಲ. ಗೋಡೆಯ ಮೇಲೆ ನನ್ನ ನಿವೃತ್ತಿಯ ಮಾನಪತ್ರ ಇತ್ತು. ಅದನ್ನು ಬರೆದವನೂ ನಾನೇ. ಅದನ್ನು ತೆಗೆದು ಇದನ್ನು ಸೇರಿಸಿದೆ. ನನ್ನದರಲ್ಲೂ "ಕಡುಬಡತನದ ಕುಟುಂಬದಲ್ಲಿ" ಎಂದಿತ್ತು. ನಮಗೆ ಹನ್ನೆರಡು ಎಕರೆ ಹೊಲವಿತ್ತು.

ಕಾಗವಾಡದಲ್ಲಿ ಫ್ರೇಮಿನ ಮೊಳೆ ತರಲು ಹೋದಾಗ ಒಂದು ಚಿಲಕವನ್ನೂ ತಂದೆ. ಅತಿಥಿಗಳು ಬರುತ್ತಾರಲ್ಲ. ಆದರೆ ಕೂರಿಸಲು ಹೊತ್ತಾಗಲಿಲ್ಲ.

ಡಿಸೆಂಬರ್ ೧೪

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಿರಜ ಸ್ಟೇಷನ್ನಿಗೆ ನಾನೂ ಜಿನಮತಿಯೂ ಹೋದೆವು. ಫ್ರೇಮನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ, ನಮ್ಮೂರ ಬಸದಿಯ ಕಟ್ಟೆಯ ಮೇಲಾದರೂ ನಾಲ್ಕು ಜನರೆದುರು ಕೊಡೋಣವೆಂದು. ರೈಲಿನಿಂದ ಉದ್ದಗೆ, ಕೆಂಪಗೆ, ದೊಡ್ಡ ಟೊಪ್ಪಿಗೆ ಹಾಕಿಕೊಂಡವರೊಬ್ಬರು ಇಳಿದು "ಪಾರಿಸ!" ಎಂದು ಕೂಗಿ ನನ್ನನ್ನು ಅಪ್ಪಿಕೊಂಡರು. ಜಿನಮತಿಗೆ ಕೈ ಮುಗಿದರು. ಕಾರು ಎಲ್ಲಿದೆ ಎಂದು ಕೇಳಲಿಲ್ಲ. ಊರ ಕಡೆಯ ಜೀಪಿನಲ್ಲಿ ಹನ್ನೊಂದು ಜನರ ನಡುವೆ ಮಡಚಿಕೊಂಡು ಕೂತರು. ಒಬ್ಬರ ಮಗು ಅವರ ತೊಡೆಯ ಮೇಲೆ ಬಂತು, ಇನ್ನೊಬ್ಬರ ಬದನೆಕಾಯಿ ಚೀಲ ಪಾದದ ಮೇಲೆ.

ಕಾಗವಾಡ ದಾಟಿ ಎರಡು ಕಿಲೋಮೀಟರ್ ಬಂದಿದ್ದೆವು, ಜೀಪು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಲಿಯೊಂದು ಮಗುಚಿ ರಸ್ತೆಯ ತುಂಬ ಕಬ್ಬು ಬಿದ್ದಿತ್ತು. ಆ ಕಡೆ ನಲವತ್ತು ಟ್ರ್ಯಾಕ್ಟರ್, ಈ ಕಡೆ ನಲವತ್ತು, ಒಂದೊಂದರಲ್ಲೂ ಒಂದೊಂದು ಹಾಡು. ಹಂಗಾಮಿನಲ್ಲಿ ಇದು ನಮಗೆ ದಿನದ ಮಾತು. ನೆವಿಲಸಾಹೇಬರು ಮಾತ್ರ ಜೀಪಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಆ ಕಬ್ಬನ್ನೂ ಜನರನ್ನೂ ನೋಡುತ್ತ ನಿಂತುಬಿಟ್ಟರು. ಮುಖದಲ್ಲಿ ತವರಿಗೆ ಬಂದವರ ಸಂತೋಷ.

"ಎಷ್ಟು ಹೊತ್ತು ನಿಲ್ಲಬೇಕು?" ಎಂದು ಕೇಳಿದರು.

ನಲವತ್ತನಾಲ್ಕನೇ ಸಲ ಎಂದು ನನ್ನ ಮನಸ್ಸು ಎಣಿಸಿತು. ನಾನು ಪಕ್ಕದ ಡ್ರೈವರನಿಗೆ ಕೇಳಿದೆ. ಅವನು ಎಂಜಿನ್ನಿನ ಮೇಲೆ ಕೂತು ಕಬ್ಬಿನ ಗಣಿಕೆ ಸಿಗಿಯುತ್ತಿದ್ದ.

"ಸಾಹೇಬ್ರಿಗೆ ಹೇಳ್ರಿ, ಹೊತ್ತ ನೋಡಬಾರ್ದು, ಕಬ್ಬ ತಿನಬೇಕು," ಎಂದು ಒಂದು ತುಂಡು ಕೊಟ್ಟ.

ಅವರು ತಿಂದರು. ಆಮೇಲೆ ಕೋಟು ಬಿಚ್ಚಿ ಜಿನಮತಿಯ ಕೈಗೆ ಕೊಟ್ಟು ಬಿದ್ದ ಕಬ್ಬು ಎತ್ತತೊಡಗಿದರು. ಕೆಂಪು ಸಾಹೇಬರು ಎತ್ತುವುದನ್ನು ನೋಡಿ ಡ್ರೈವರುಗಳೂ ಇಳಿದರು, ಜೀಪಿನವರೂ ಇಳಿದರು, ನಾನೂ ನಾಲ್ಕು ಜಲ್ಲೆ ಎತ್ತಿದೆ. ಅರ್ಧ ರಸ್ತೆ ತೆರವಾದ ಮೇಲೆ ಅವರು ನಡುವೆ ನಿಂತು ಟೊಪ್ಪಿಗೆ ಬೀಸಿ ಈ ಕಡೆಯವರನ್ನು ತಡೆದು ಆ ಕಡೆಯವರನ್ನು ಬಿಡತೊಡಗಿದರು. ಗೆದ್ದಿದ್ದರೆ ಇವರು ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಿರುತ್ತಿದ್ದರೇನೋ ಎಂದುಕೊಂಡೆ. ಆಮೇಲೆ, ಇಲ್ಲ, ಆಗಲೂ ಇಳಿಯುತ್ತಿದ್ದರು ಅನಿಸಿತು.

ಆಗಲೇ ಅಥಣಿಗೆ ಹೊರಟ ಬಿಳಿ ಕಾರೊಂದು ಕಣ್ಣಿಗೆ ಬಿತ್ತು. ಊರ ದಿಕ್ಕಿನಿಂದ ಬಂದು ಟ್ರ್ಯಾಲಿಯ ಆ ಕಡೆ ಸಿಕ್ಕಿಕೊಂಡಿತ್ತು. ಒಳಗೆ ಅಮೋಲ. ಹಿಂದಿನ ಸೀಟಿನಲ್ಲಿ ರಾವಸಾಹೇಬರು ಪೇಪರು ಅಡ್ಡ ಹಿಡಿದುಕೊಂಡಿದ್ದರು. ಪೇಪರು ತಲೆಕೆಳಗಾಗಿತ್ತು.

ನೆವಿಲಸಾಹೇಬರು ಗುರುತು ಹಿಡಿದೇಬಿಟ್ಟರು. "ರಾವ್!" ಎಂದು ಕೂಗುತ್ತ ಹೋಗಿ ಬಾಗಿಲು ತೆಗೆದು ಅಪ್ಪಿಕೊಂಡರು. ತಮ್ಮನ್ನು ಕರೆತರಲೆಂದೇ ರಾವಸಾಹೇಬರು ಕಾರು ತಂದು ಎರಡು ತಾಸಿನಿಂದ ಸಿಕ್ಕಿಬಿದ್ದಿದ್ದಾರೆ ಎಂದು ಅವರು ತಿಳಿದುಕೊಂಡಿದ್ದರು. ಎಂಟು ಹತ್ತು ಸಲ ಕ್ಷಮೆ ಕೇಳಿದರು. ರಾವಸಾಹೇಬರ ಮುಖ ನೋಡಿ ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಜಿನಮತಿ ಎಂದೂ ಸಭೆಯಲ್ಲಿ ಮಾತಾಡಿದವಳಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ರಾವಸಾಹೇಬ, ಡಿಕ್ಕಿ ತಗೀರಿ. ಅದ್ರಾಗ ಶಾಲ ಐತಲ್ಲ."

ಎಂಬತ್ತು ಟ್ರ್ಯಾಕ್ಟರಿನ ಜನ ನೋಡುತ್ತಿದ್ದರು. ಅದರಲ್ಲಿ ಸೊಸೈಟಿಯ ಮತದಾರರೂ ಇದ್ದರು. ರಾವಸಾಹೇಬರು ಡಿಕ್ಕಿ ತೆಗೆಸಿದರು. ಶಾಲು, ಹಾರ, ಕೊಲ್ಲಾಪುರಿ ಫೇಟಾ, ತೆಂಗಿನಕಾಯಿ ಎಲ್ಲ ಹೊರಗೆ ಬಂದವು. ಯಾರೋ ಹಾಡುಗಳನ್ನು ನಿಲ್ಲಿಸಿದರು. ಮಗುಚಿದ ಟ್ರ್ಯಾಲಿಯೇ ವೇದಿಕೆ. ಕೇಸರಿ ಫೇಟಾ ತಲೆಗೆ ಸುತ್ತಿಸಿಕೊಂಡ ನೆವಿಲಸಾಹೇಬರು ಖರೇನೇ ಸಾಂಗಲಿ ಕಡೆಯವರ ಹಾಗೆ ಕಾಣುತ್ತಿದ್ದರು.

ನಾನು ಟವೆಲು ಬಿಚ್ಚಿ ಫ್ರೇಮು ಹೊರಗೆ ತೆಗೆದೆ. ಇಷ್ಟು ಜನ ಯಾವ ಸಭೆಗೂ ಬಂದಿರಲಿಲ್ಲ. ಇವರಾದರೋ ಎದ್ದು ಹೋಗಲೂ ಆಗದವರು.

"ಶ್ರೀ ನೆವಿಲ್ ಕ್ರಾಡಕ್ ಅವರು..." ಎಂದೆ.

"ಕಡುಬಡತನದ ಕುಟುಂಬದಲ್ಲಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಹಾರೂಗೇರಿಯವನೇ ಇರಬೇಕು.

"ಬಡತನವಿಲ್ಲದ ಮನೆಯಲ್ಲಿ ಹುಟ್ಟಿದರು," ಎಂದು ಓದಿದೆ. ಕೂಗಿದವನು ಬಾಯಿ ಮುಚ್ಚಿದ. ಮುಂದೆ ಏನು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

"ತಂದೆ ಹಲ್ಲಿನ ಡಾಕ್ಟರು. ಕುದುರೆಮರಿಯೂ ಇತ್ತು. ಏಳು ಸಲ ಚುನಾವಣೆಗೆ ನಿಂತರು, ಐದು ಸಲ ಬಿದ್ದರು. ಗೆದ್ದ ಎರಡು ಸಲವೂ ಎರಡನೇ ಎಣಿಕೆಯಲ್ಲಿ ಗೆದ್ದರು. ಎರಡನೇ ಎಣಿಕೆಯಲ್ಲಿ ಬಂದವರ ಕುರ್ಚಿ ಮೊದಲನೆಯವರ ಕುರ್ಚಿಗಿಂತ ಗಿಡ್ಡ ಇರುವುದಿಲ್ಲ. ಆರು ವರ್ಷ ಸಂಸತ್ತಿನ ಕೊನೆಯ ಸಾಲಿನಲ್ಲಿ ಕೂತರು. ಒಮ್ಮೆ ನಕ್ಕಿದ್ದಕ್ಕೆ ಹೊರಗೆ ಹಾಕಿಸಿಕೊಂಡರು. ಕಬ್ಬಿನ ರೈಲು ದಾಟುವ ತನಕ ನಮ್ಮ ಜನ ಎಷ್ಟು ಹೊತ್ತು ನಿಲ್ಲಬೇಕು ಎಂಬ ಒಂದೇ ಪ್ರಶ್ನೆಯನ್ನು ನಲವತ್ತಮೂರು ಸಲ ಕೇಳಿದರು. ನಲವತ್ತೆರಡು ಸಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಸೇತುವೆಯಾಗಿದೆ. ಅದರ ಮೇಲೆ ಅವರ ಹೆಸರಿಲ್ಲ. ಒಮ್ಮೆ ನಮ್ಮೂರಿಗೆ ಬರ್ರಿ ಎಂದು ನಾವು ಬಾಯಿಮಾತಿಗೆ ಕರೆದೆವು. ಅವರು ಬಂದರು."

ಮುಗಿಯಿತು. ಫ್ರೇಮನ್ನು ಸಾಹೇಬರ ಕೈಗೆ ಕೊಟ್ಟೆ. ನಾನು ಕೆಟ್ಟೆ ಎಂದುಕೊಂಡೆ. ಆಮೇಲೆ ಕಬ್ಬು ಕೊಟ್ಟ ಡ್ರೈವರು ಹಾರ್ನು ಒತ್ತಿದ. ಅವನ ಹಿಂದಿನವನೂ ಒತ್ತಿದ. ಎಂಬತ್ತು ಟ್ರ್ಯಾಕ್ಟರುಗಳು ಒಟ್ಟಿಗೆ ಹಾರ್ನು ಒತ್ತಿದವು. ಮೂವತ್ತೊಂದು ವರ್ಷದಲ್ಲಿ ನನಗೆ ಇಂಥ ಚಪ್ಪಾಳೆ ಬಿದ್ದಿರಲಿಲ್ಲ. ಕಣ್ಣು ತುಂಬಿ ಬಂತು, ಬರಲಿ ಎಂದು ಬಿಟ್ಟೆ.

ಊಟಕ್ಕೆ ಸೂರ್ಯ ಮುಳುಗುವ ಮೊದಲು ಮನೆ ಮುಟ್ಟಿದೆವು. ಬೆಳಕಿರುವಾಗಲೇ ಉಣ್ಣುವ ನಮ್ಮ ಪದ್ಧತಿಗೆ ಸಾಹೇಬರು ಬೇಸರಪಡುತ್ತಾರೇನೋ ಎಂದುಕೊಂಡಿದ್ದೆ. ಅವರ ಹಳ್ಳಿಯಲ್ಲೂ ಐದೂವರೆಗೇ ಊಟವಂತೆ. ಎಂಟು ರೊಟ್ಟಿ ತಿಂದರು.

ಎಲೆ ಅಡಿಕೆ ಹಾಕಿಕೊಳ್ಳುವಾಗ ಜಿನಮತಿ, "ಆ ಎರಡನೇ ಎಣಿಕಿ ಮಾತು ಅವ್ರಿಗೆ ಬರದದ್ದೋ ನಿಮಗೋ?" ಎಂದಳು. ನಾನು ಸುಣ್ಣದ ಡಬ್ಬಿ ಹುಡುಕಿದೆ.

ಡಿಸೆಂಬರ್ ೧೫

ಚಿಲಕ ಕೂರಿಸಿದೆವು. ಸ್ಕ್ರೂ ತಿರುಗಿಸಿದವನು ನಾನು, ಬಾಗಿಲು ಎತ್ತಿ ಹಿಡಿದವರು ನೆವಿಲಸಾಹೇಬರು. ಹತ್ತು ನಿಮಿಷದ ಕೆಲಸ. ಇದಕ್ಕೆ ಹನ್ನೊಂದು ವರ್ಷ ಯಾಕೆ ಹಿಡಿಯಿತು ಎಂದು ಅವರು ಕೇಳಿದರು. ಮೇಲಿನವರು ಮಂಜೂರು ಮಾಡಬೇಕಲ್ಲ ಎಂದೆ. ಅರ್ಥವಾಯಿತು ಎಂದರು.

ಡಿಸೆಂಬರ್ ೧೭

ಬೆಳಿಗ್ಗೆ ಮಿರಜದಲ್ಲಿ ರೈಲು ಹತ್ತಿಸಿ ಬಂದೆವು. ಹೊರಡುವಾಗ ಕೈ ಹಿಡಿದು "ಒಮ್ಮೆ ವಾರಂಡೂಗೆ ಬನ್ನಿ" ಎಂದರು. ಬಾಯಿಮಾತಿಗೆ ಹೇಳಿದರೋ ಖರೇನೋ ತಿಳಿಯಲಿಲ್ಲ.

ಮಧ್ಯಾಹ್ನ ರಾವಸಾಹೇಬರು ಸಿಕ್ಕಿದ್ದರು. ಮಾನಪತ್ರದ ಕೆಲಸ ಇನ್ನು ಅಮೋಲನಿಗೇ. "ಮಾಸ್ತರ, ನೀವು ಖರೇ ಬರಿಯಾಕ ಚಾಲೂ ಮಾಡೀರಿ. ನನಗ ಅಂಜಿಕಿ ಆಕ್ಕೈತಿ," ಎಂದರು. ಬೇಸರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಸಂಜೆ ಕರೋಶಿಯಿಂದ ಸತ್ಯಪ್ಪ ಎಂಬವರು ಬಂದಿದ್ದರು. ಆ ದಿನ ಟ್ರಾಫಿಕ್ ಜಾಮಿನಲ್ಲಿ ಇದ್ದರಂತೆ. ಬಹಳ ಹೊತ್ತು ಚಹಾ ಊದುತ್ತ ಕೂತು ಕೊನೆಗೆ ಬಾಯಿಬಿಟ್ಟರು. "ನಾ ಗ್ರಾಮಪಂಚಾಯ್ತಿಗೆ ನಾಕ ಸಲ ನಿಂತ ಬಿದ್ದೇನ್ರಿ. ನಂದೂ ಒಂದ ಬರದ ಕೊಡ್ತೀರೇನು? ಯಾರೂ ಶಾಲ ಹಾಕೂದ ಬ್ಯಾಡ, ಮನ್ಯಾಗ ಗ್ವಾಡಿಗೆ ಇರ್ಲಿ."

ಗೆದ್ದವರು ಊರಿಗೊಬ್ಬರು, ಬಿದ್ದವರು ಮನೆಗೊಬ್ಬರು. ಪೆನ್ನಿಗೆ ಶಾಯಿ ತರಬೇಕು.

ಡಿಸೆಂಬರ್ ೨೦

ಸತ್ಯಪ್ಪನವರ ಮಾನಪತ್ರ ಬರೆಯಲು ಬೆಳಿಗ್ಗೆ ಕೂತೆ. ಅಕ್ಷರ ಮುಂದೆ ಸಾಗಲೊಲ್ಲದು. ಮನೆಯಲ್ಲಿ ಏನೋ ಇಲ್ಲ ಅನ್ನಿಸುತ್ತಿತ್ತು. ಗಡಿಯಾರ ನೋಡಿದೆ, ನಡೆಯುತ್ತಿತ್ತು. ಎದ್ದು ಹಿತ್ತಿಲಿಗೆ ಹೋದಾಗ ತಿಳಿಯಿತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿದೆ, ಹಾಡಿಲ್ಲ. ಐದು ದಿನದಿಂದ ಇಲ್ಲ.

ಬಾಗಿಲ ಹೊರಗೆ ನಿಂತು ಕೇಳಿದೆ. "ಯಾಕ ಹಾಡವಲ್ಲಿ?"

"ಯಾಕ ಹಾಡ್ಲಿ? ಚಿಲಕ ಐತಲ್ಲ."

"ಇದ್ರ ಇರ್ಲಿ. ನೀ ಹಾಡು. ನನಗ ಬರಿಯಾಕ ಆಗವಲ್ದು."

ಒಳಗೆ ತಂಬಿಗೆ ಕೆಳಗಿಟ್ಟ ಸದ್ದಾಯಿತು.

"ಕೇಳ್ಕೋತ ಇರ್ರಿ," ಎಂದಳು ಜಿನಮತಿ. "ಹನ್ನೊಂದ ವರ್ಷ ಆಗ್ಲಿ, ವಿಚಾರ ಮಾಡೂನು."

ಒಳಗಿನಿಂದ ಚಿಲಕ ಹಾಕಿತ್ತು. ಗಟ್ಟಿಯಾಗಿಯೇ ಕೂರಿಸಿದ್ದೆವು. ನಾಳೆ ಬೆಳಿಗ್ಗೆ ಮತ್ತೆ ಹೋಗಿ ಕೇಳುತ್ತೇನೆ. ಇವತ್ತಿಗೆ ಒಂದು ಸಲ ಆಯಿತು.